ಕೆಲಸ ನಿಲ್ಲಿಸಿ ಕುಳಿತಿದ್ದ ಹೀಟರ್ ಫ್ಯಾನಿನವರ ಸನ್ನಿಧಿಗೆ

ನನ್ನ ಕಾರಿನ ಎಡ ಸೀಟಿನೆದುರಿನ ಸಾಮಾನು ಡಬ್ಬಿಯ ಹಿಂದೆ, ಕತ್ತಲಲ್ಲಿ ಏಕಾಂತವಾಸ ಮಾಡಿಕೊಂಡಿರುವ ಶ್ರೀಮಾನ್ ಹೀಟರ್ ಫ್ಯಾನ್ ಅವರಿಗೆ ನರಿಮೊಗರಿನ ಪರಮೇಶ್ವರಿ ಎಂಬವಳು ಮಾಡುವ ಅನೇಕಾನೇಕ ವಂದನೆಗಳು. ಇಲ್ಲಿ ನಾವೆಲ್ಲ ಕ್ಷೇಮ. ತಾವು ಕ್ಷೇಮವಾಗಿರಲಿಲ್ಲ ಎಂಬುದು ಜೂನ್ ತಿಂಗಳ ಮೊದಲ ಜೋರು ಮಳೆಗೇ ತಿಳಿಯಿತು.

ಮಾನ್ಯರೇ,

ಪುತ್ತೂರಿನಂಥ ಊರಿನಲ್ಲಿ ಹೀಟರ್ ಎಂಬ ಹೆಸರು ಹೊತ್ತುಕೊಂಡು ಬಾಳುವುದು ಎಷ್ಟು ಕಷ್ಟವೆಂದು ನಾನು ಬಲ್ಲೆ. ಫ್ಯಾನಿನ ಕೆಳಗೆ ಕುಳಿತರೂ ಬೆವರುವ ಜನರ ನಡುವೆ ತಮ್ಮನ್ನು ಕೇಳುವವರು ಯಾರು? ತಾವು ಕೆಟ್ಟುಹೋದ ಸುದ್ದಿಯನ್ನು ನನ್ನ ಯಜಮಾನರಾದ ಮಹೇಶ್ವರ ಅವರಿಗೆ ಹೇಳಿದಾಗ ಅವರು ಪೇಪರಿನಿಂದ ತಲೆಯನ್ನೂ ಎತ್ತದೆ, "ನಮ್ಮ ಊರಲ್ಲಿ ಹೀಟರ್ ಎಂತಕ್ಕೆ ಮಾರಾಯ್ತಿ? ಹೋದರೆ ಹೋಗ್ಲಿ" ಎಂದು ತಮಗೆ ಅಲ್ಲಿಂದಲೇ ನಿವೃತ್ತಿ ಕೊಟ್ಟರು. ಬಿಸಿಗೂ ತಂಪಿಗೂ ಊದುವವರು ತಾವೊಬ್ಬರೇ, ಮಳೆಗಾಲದಲ್ಲಿ ಎದುರಿನ ಗಾಜಿಗೆ ಹಬೆ ಕೂರದಂತೆ ನೋಡಿಕೊಳ್ಳುವವರೂ ತಾವೇ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಿಜ ಹೇಳುವುದಾದರೆ ನನಗೂ ಗೊತ್ತಿರಲಿಲ್ಲ.

ನನಗೆ ಕಾರು ಯಾಕೆ ಬೇಕೆಂದು ತಾವು ಕೇಳಬಹುದು. ಊರಿನವರೆಲ್ಲ ಕೇಳಿ ಆಗಿದೆ. ಕಡಬದಲ್ಲಿ ನಮ್ಮದೊಂದು ಮಹಿಳಾ ತಾಳಮದ್ದಳೆ ತಂಡವಿದೆ. ವೇಷ ಕಟ್ಟದೆ, ಕುಣಿಯದೆ, ಕುಳಿತಲ್ಲಿಂದಲೇ ಮಾತಿನಲ್ಲಿ ಕಥೆಯನ್ನು ನಡೆಸುವ ಆಟ ಅದು. ಇಷ್ಟು ವರ್ಷ ನಮ್ಮ ಮನೆಯ ಚಾವಡಿಯಲ್ಲಿ ಅರ್ಥ ಹೇಳಿದವರೆಲ್ಲ, ಅಂದರೆ ಪಾತ್ರವಾಗಿ ಮಾತನಾಡಿದವರೆಲ್ಲ, ಗಂಡಸರು. ನನಗೆ ಸಿಕ್ಕಿದ್ದು ಅವರಿಗೆ ಚಾ ಕೊಂಡುಹೋಗಿ ಕೊಡುವ ಪಾತ್ರ. ಈ ವರ್ಷ ಮೊದಲ ಬಾರಿಗೆ ನನಗೊಂದು ದೂತನ ಪಾತ್ರ ಕೊಟ್ಟರು. ಸಂಧಾನಕ್ಕೆಂದು ಶತ್ರುವಿನ ಸಭೆಗೆ ಹೋಗಿ, ಹೆದರದೆ ಮಾತನಾಡಬೇಕಾದವನು. ಶನಿವಾರ ಮಧ್ಯಾಹ್ನ ಒಬ್ಬಳೇ ಕಾರು ಹತ್ತಿ, ಸವಣೂರು ದಾಟಿದ ಮೇಲೆ ಗಾಜು ಏರಿಸಿ, ಗಂಟಲು ಬಿಚ್ಚಿ ನನ್ನ ಮಾತುಗಳನ್ನು ಹೇಳಿಕೊಳ್ಳುತ್ತ ಅಭ್ಯಾಸಕ್ಕೆ ಹೋಗುತ್ತಿದ್ದೆ. ಮನೆಯಲ್ಲಿ ಅಷ್ಟು ಜೋರಾಗಿ ಮಾತನಾಡಿದರೆ ಏನಾಯಿತೆಂದು ಪಕ್ಕದ ಮನೆಯವರು ಓಡಿಬಂದಾರು. ಆ ಪ್ರಯಾಣ ನನಗೆ ಎಷ್ಟು ಇಷ್ಟವೆಂದರೆ, ಕಡಬ ಇನ್ನೂ ಸ್ವಲ್ಪ ದೂರ ಇರಬಾರದಿತ್ತೇ ಎಂದು ಅನಿಸುತ್ತಿತ್ತು.

ಇಂಥ ಹೊತ್ತಿನಲ್ಲಿ ತಾವು ಮೌನವ್ರತ ಹಿಡಿದಿರಿ. ಶಾಂತಿಮೊಗರು ಸೇತುವೆ ಹತ್ತಿರವಾಗುತ್ತಿದ್ದಂತೆ ಎದುರಿನ ಗಾಜು ಹಾಲಿನ ಹಾಗೆ ಬೆಳ್ಳಗಾಯಿತು. ಮುಂದಿರುವುದು ಲಾರಿಯೋ, ಸೇತುವೆಯೋ, ನೇರ ಹೊಳೆಯೋ ಒಂದೂ ತಿಳಿಯಲಿಲ್ಲ. ಹೇಗೋ ಬದಿಗೆ ನಿಲ್ಲಿಸಿ, ಸೆರಗಿನಲ್ಲಿ ಒರೆಸಿ ಒರೆಸಿ ಮನೆಗೆ ಮರಳಿದೆ. ತಮಗೆ ನಿವೃತ್ತಿ ಕೊಟ್ಟಿದ್ದ ಯಜಮಾನರೇ ಸೇತುವೆಯ ಕಥೆ ಕೇಳಿದ ಮೇಲೆ, "ನೀನೊಬ್ಬಳೇ ಹೋಗುದು ಬೇಡ, ಗಾಜು ಒರೆಸ್ಲಿಕ್ಕೆ ನಾನು ಬರ್ತೇನೆ" ಎಂದು ಹೆಗಲಿಗೆ ಬೈರಾಸು ಎಂಬ ತಮ್ಮ ಟವೆಲನ್ನು ಹಾಕಿಕೊಂಡು ಎಡಗಡೆಯ ಸೀಟಿನಲ್ಲಿ ಸ್ಥಾಪನೆಗೊಂಡರು.

ತಮ್ಮ ಸ್ಥಾನವನ್ನು ಅವರು ಎಷ್ಟು ಸಮರ್ಥವಾಗಿ ತುಂಬಿದರೆಂದರೆ ತಾವು ಕೇಳಿ ಸಂತೋಷಪಡಬೇಕು. ತಮ್ಮಿಂದ ಬರುತ್ತಿದ್ದುದು ಬರೀ ಗಾಳಿ. ಅವರಿಂದ ಗಾಳಿಯ ಜೊತೆಗೆ ಮಾರ್ಗದರ್ಶನವೂ ಬರುತ್ತಿತ್ತು. ತಮ್ಮ ಸ್ವಿಚ್ಚಿನ ಗುಬ್ಬಿಯನ್ನು ತಿರುಗಿಸಿದರೆ ತಾವು ನಿಲ್ಲುತ್ತಿದ್ದಿರಿ. ಅವರಿಗೆ ಅಂಥ ಗುಬ್ಬಿಯನ್ನು ದೇವರು ಇಟ್ಟಿಲ್ಲ. ಒಂದು ಸಲ ಗಾಜು ಒರೆಸಿದರೆ ನಾಲ್ಕು ಸಲ "ಗೇರ್ ಇಳಿಸು", "ಬಸ್ಸಿನವನಿಗೆ ಸೈಡ್ ಕೊಡು". ನಾನು ಧೈರ್ಯ ಮಾಡಿ ಪಾತ್ರದ ಮಾತು ತೆಗೆದರೆ, "ದೂತ ಅಷ್ಟು ಜೋರು ಮಾತಾಡುದಿಲ್ಲ, ಸ್ವಲ್ಪ ತಗ್ಗಿಸಿ ಹೇಳು." ತಗ್ಗಿಸಿದೆ. ಮುಂದಿನ ವಾರ ಮತ್ತೂ ತಗ್ಗಿಸಿದೆ. ಕೊನೆಗೆ ನಮ್ಮ ತಂಡವನ್ನು ನಡೆಸುವ ತನ್ಮಯೀ, ತುಂಬ ಸಂಕೋಚದಿಂದಲೇ, "ಅಕ್ಕಾ, ದೂತನ ಸ್ವರ ಎರಡನೇ ಸಾಲಿಗೂ ಕೇಳುದಿಲ್ಲ. ಹೀಗೇ ಆದ್ರೆ ಪಾತ್ರ ಬದಲಿಸ್ಬೇಕಾದೀತು" ಎಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ಬಂದದ್ದು ತಮ್ಮ ಮೇಲೆ.

ಆದ್ದರಿಂದಲೇ ತಮ್ಮನ್ನು ಪುತ್ತೂರಿನ ಸಫೀರನ ಗ್ಯಾರೇಜಿಗೆ ಕರೆದೊಯ್ದೆ. "ಅಕ್ಕಾ, ಹೀಟರ್ ರಿಪೇರಿ ಅಂತ ಬಂದವರಲ್ಲಿ ನೀವೇ ಸುರು" ಎಂದು ಅವನು ನಕ್ಕು, ಫ್ಯೂಸ್ ಬದಲಿಸಿ ಕಳುಹಿಸಿದ. ಅದು ಮನೆಯ ಗೇಟಿನವರೆಗೂ ಬಾಳಲಿಲ್ಲ. ಎರಡನೆಯ ಫ್ಯೂಸ್ ಗ್ಯಾರೇಜಿನ ಗೇಟಿನವರೆಗೂ ಬಾಳಲಿಲ್ಲ. ಮೋಟಾರೇ ಸುಟ್ಟಿದೆ, ಮಂಗಳೂರಿನಿಂದ ಹೊಸದು ತರಿಸಬೇಕು ಎಂದು ಅವನು ತಮ್ಮ ಮರಣವನ್ನೂ ಘೋಷಿಸಿದ. ನಾನು, ಬಿಚ್ಚಿ ನೋಡದೆ ಹೊಸದು ಬೇಡವೆಂದು ಪಟ್ಟು ಹಿಡಿದು ಸ್ಟೂಲ್ ಎಳೆದು ಅಲ್ಲೇ ಕುಳಿತೆ. ಡಬ್ಬಿ ಕಳಚಿ ತಮ್ಮನ್ನು ಹೊರಗೆ ತೆಗೆದಾಗ ತಮ್ಮ ರೆಕ್ಕೆಗಳ ಸಂದಿನಿಂದ ಮೊದಲು ತೆಂಗಿನ ನಾರು ಬಂತು, ಆಮೇಲೆ ಬೈರಾಸಿನ ಚಿಂದಿ, ಆಮೇಲೆ ಹಲಸಿನ ಹಪ್ಪಳ.

ಮಾನ್ಯರೇ, ಆ ಹಪ್ಪಳದ ಗುರುತು ನನಗೆ ಸಿಕ್ಕಿತು. ಜೀರಿಗೆ ಜಾಸ್ತಿ ಹಾಕಿ, ಅಂಚು ಹರಿಯುವಷ್ಟು ತೆಳ್ಳಗೆ ಒತ್ತುವವರು ನಮ್ಮ ಗ್ರಾಮದಲ್ಲಿ ಒಬ್ಬರೇ ಇದ್ದಾರೆ. ಮೇ ತಿಂಗಳಿಡೀ ನನ್ನ ಯಜಮಾನರು, ಕಪ್ಪು ಕಾರಿನ ಬಾನೆಟ್ಟಿನಷ್ಟು ಚೆನ್ನಾಗಿ ಕಾಯುವ ಜಾಗ ಅಂಗಳದಲ್ಲೇ ಇಲ್ಲವೆಂದು ಅದರ ಮೇಲೆ ಚಾಪೆ ಹಾಸಿ ಹಪ್ಪಳ ಒಣಗಿಸಿದ್ದರು. ಮುರಿದ ಚೂರುಗಳು ಗಾಜಿನ ಬುಡದ ಜಾಲರಿಯ ಮೂಲಕ ತಮ್ಮ ಮನೆಗೆ ಇಳಿದವು. ಅವುಗಳ ಪರಿಮಳಕ್ಕೆ ಇಲಿ ಇಳಿಯಿತು. ಊಟ ಇದ್ದಲ್ಲೇ ಅದು ಮನೆಯನ್ನೂ ಕಟ್ಟಿತು. ತಾವು ತಿರುಗಲು ಹೊರಟಾಗಲೆಲ್ಲ ಗೂಡು ಅಡ್ಡಬಂದು ಫ್ಯೂಸ್ ಹೋಗುತ್ತಿತ್ತು. ಗೂಡು ತೆಗೆದು ಮೂರನೆಯ ಫ್ಯೂಸ್ ಹಾಕಿದ ಮೇಲೆ ತಾವು ಸರಾಗವಾಗಿ ತಿರುಗಿದಿರಿ, ಮೋಟಾರಿಗೆ ಏನೂ ಆಗಿರಲಿಲ್ಲ. ಸಾಕ್ಷಿಯನ್ನೆಲ್ಲ ಪೇಪರಿನಲ್ಲಿ ಕಟ್ಟಿ ತಂದು ಎದುರಿಗಿಟ್ಟಾಗ ಯಜಮಾನರು ಒಂದು ಚೂರನ್ನು ಎತ್ತಿ ನೋಡಿ, "ಗೂಡು ಕಟ್ಟಿದ್ದು ಇಲಿ ಅಲ್ವಾ, ಅದಕ್ಕೆ ನಾನು ಎಂತ ಮಾಡುದು?" ಎಂದರು. ನಾನು ಪೊಟ್ಟಣ ಮಡಚಿಕೊಂಡು ಒಳಗೆ ನಡೆದೆ. ದೂತನಿಗಾಗಿ ಸ್ವರವನ್ನು ಉಳಿಸಿಕೊಳ್ಳಬೇಕಿತ್ತು.

ತಾವು ನಿರಪರಾಧಿ ಎಂದು ಇದರಿಂದ ಸಿದ್ಧವಾಗಿರುವುದರಿಂದ ಕ್ಷಮೆ ಕೇಳುತ್ತ, ಕೆಲವು ಸಣ್ಣಪುಟ್ಟ ಬಿನ್ನಹಗಳನ್ನು ಮುಂದಿಡುತ್ತೇನೆ. ಇನ್ನು ಮುಂದೆ ಗಾಜಿನ ಹಬೆಯ ಜೊತೆಗೆ ಕಾರಿನೊಳಗಿನ ಸಲಹೆಗಳನ್ನೂ ಊದಿ ಹೊರಗೆ ಹಾಕುವಂತಾಗಬೇಕು. ಸಾಧ್ಯವಾದರೆ ತಮ್ಮ ಮಹಿಮೆ ಕಾರಿಗೆ ಮಾತ್ರ ಸೀಮಿತವಾಗದೆ, ನಮ್ಮ ಚಾವಡಿಯಲ್ಲಿ ಗಂಡಸರು ಮಾತಿಗೆ ಕುಳಿತಾಗಲೂ ತಾವು ತಾವಾಗಿಯೇ ಶುರುವಾಗಬೇಕು. ಆ ಇಲಿಗೂ ಬೇರೆ ಕಾರೊಂದನ್ನು ನೋಡಿಕೊಡಬೇಕು; ಅದರದು ಬಡಪಾಯಿ ಸಂಸಾರ.

ಕಳೆದ ಭಾನುವಾರ ನಮ್ಮ ಪ್ರಯೋಗವಿತ್ತು. ಗಂಡಾಂತರದಂಥ ಮಳೆ. ಯಜಮಾನರು ಬೈರಾಸು ಹಿಡಿದು ಜಗಲಿಗೆ ಬಂದರು. ತಾವು ಬುಸ್ಸೆಂದು ಊದಿದಿರಿ, ಗಾಜು ಕನ್ನಡಿಯಾಯಿತು, ನಾನು ಒಬ್ಬಳೇ ಹೊರಟೆ. ಸೇತುವೆಯ ಮೇಲೆ ದೂತನ ಮಾತು ನನ್ನ ಬಾಯಿಂದ ಎಷ್ಟು ದೊಡ್ಡದಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು; ಕಡಬದ ಸಭೆಯಲ್ಲಿ ಆ ಹೆದರಿಕೆಯೂ ಇರಲಿಲ್ಲ. ಮಾತು ಮುಗಿಸಿ ತಲೆ ಎತ್ತಿದಾಗ ಕೊನೆಯ ಸಾಲಿನಲ್ಲಿ, ಎರಡು ಬಸ್ಸು ಬದಲಿಸಿ ಬಂದು, ಮೊಣಕಾಲಿನವರೆಗೆ ಒದ್ದೆಯಾಗಿ ಕುಳಿತಿದ್ದ ಮಹೇಶ್ವರರು ಕಂಡರು. ಸ್ವರ ಅಲ್ಲಿಯವರೆಗೂ ಕೇಳಿತ್ತಂತೆ.

ಎಲ್ಲ ಮುಗಿದ ಮೇಲೆ ಅವರು ಕೊಡೆ ಮಡಚಿಕೊಂಡು ಕಾರಿನ ಹತ್ತಿರ ಬಂದು, ಬಾಗಿಲಿಗೆ ಕೈ ಹಾಕದೆ ನಿಂತು, "ನಿನ್ನ ಕಾರಲ್ಲಿ ನನಗೆ ಜಾಗ ಉಂಟಾ?" ಎಂದು ಕೇಳಿದರು. ನಮ್ಮ ಮದುವೆಯಾದ ಮೇಲೆ ಅವರು ನನ್ನನ್ನು ಕೇಳಿ ಹತ್ತಿದ ಮೊದಲ ವಾಹನ ಅದು. ಉಂಟು ಎಂದೆ.

ತಮ್ಮ ಗಾಳಿಯ ಋಣದಲ್ಲಿರುವ, ತಮ್ಮ ವಿಶ್ವಾಸಿ,
ಪರಮೇಶ್ವರಿ

ಮರೆತ ಮಾತು: ತಮ್ಮ ನೆರೆಯವರಾದ ಎಡಬದಿಯ ವೈಪರ್ ಅವರು ನಿನ್ನೆಯಿಂದ ಕಿರ್ರೆನ್ನುತ್ತಿದ್ದಾರೆ. ಸ್ಕ್ರೂ ಡ್ರೈವರ್ ಹಿಡಿಯುವುದನ್ನು ನಾನು ಈಗ ಕಲಿತಿದ್ದೇನೆ ಎಂದು ಅವರಿಗೆ ದಯವಿಟ್ಟು ತಿಳಿಸಿರಿ.