ಜಗ್ಗಿ ಅಳೆಸಿಕೊಂಡ ಡ್ರೈಯರ್ ಪೈಪಿಗೆ ಒಂದು ಬಿನ್ನಹ

ಸಂಡೂರು ರಸ್ತೆ, ಹೊಸಪೇಟೆ

ಮಾನ್ಯ ಡ್ರೈಯರ್ ಪೈಪಿನವರೇ,

ನಮ್ಮ ಬಚ್ಚಲ ಪಕ್ಕದ ಕೋಣೆಯಲ್ಲಿ ಬೆಳ್ಳಿಯಂಥ ಮೈ ಹೊಳೆಯಿಸುತ್ತ ಬಿಜಯಂಗೈದಿರುವ ತಮಗೆ ಮನೆಮಂದಿಯೆಲ್ಲರ ಪರವಾಗಿ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ತಮ್ಮನ್ನು ಕತ್ತರಿಸಿದ ಕತ್ತರಿ ಕ್ಷೇಮವಾಗಿಲ್ಲ.

ತಮ್ಮನ್ನು ಬರಮಾಡಿಕೊಂಡ ಕಾರಣ ತಮಗೆ ತಿಳಿದಿರಲಿ. ನಮ್ಮ ಮನೆಯ ಮುಂದೆ ಅದಿರಿನ ಲಾರಿಗಳು ಓಡಾಡುತ್ತವೆ. ಮಾಳಿಗೆಯ ಮೇಲೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಇಟ್ಟಿಗೆಯ ಬಣ್ಣದಲ್ಲಿ ಕೆಳಗಿಳಿಯುತ್ತದೆ. ನರ್ಸಿಂಗ್ ಓದುವ ಮಗಳು ಸ್ನೇಹಾ ಸೋಮವಾರ ಮೊದಲ ಬಾರಿಗೆ ವಾರ್ಡಿಗೆ ಹೋಗಬೇಕಿತ್ತು. ಇದ್ದದ್ದು ಒಂದೇ ಬಿಳಿ ಸಮವಸ್ತ್ರ, ಅದರ ಮೇಲೆ ಕಲೆ ಕಂಡರೆ ಬಾಗಿಲಿನಿಂದಲೇ ವಾಪಸು ಎಂದು ಕಾಲೇಜಿನವರ ಆಜ್ಞೆ. ಆದ್ದರಿಂದ ಬಟ್ಟೆ ಒಣಗಿಸುವ ಡ್ರೈಯರ್ ಬಂತು, ಅದರ ಬಿಸಿಗಾಳಿಯನ್ನು ಧೂಳಿಲ್ಲದ ಹಿಂದಿನ ಗೋಡೆಯ ತೂತಿನಿಂದ ಹೊರಗೆ ಕಳಿಸಲು ತಾವು ಬಂದಿರಿ.

ಕೈಪಿಡಿಯಲ್ಲಿ ತಮ್ಮನ್ನು ಪೂರ್ತಿ ಹಿಗ್ಗಿಸಿ ಬೇಕಾದ ಉದ್ದಕ್ಕೆ ಕತ್ತರಿಸಬೇಕೆಂದು ಬರೆದಿತ್ತು. ಕಾನ್ವೆಂಟಿನಲ್ಲಿ ಓದಿದ ನಾನು ಆ ಇಂಗ್ಲಿಷನ್ನು ಗಟ್ಟಿಯಾಗಿ ಓದಿ, ಅರ್ಥವನ್ನೂ ವಿವರಿಸಿ, ಮುಂದಿನ ಸಾಲಿಗೆ ಹೋಗುವ ಅಗತ್ಯ ಕಾಣದೆ ನಿಲ್ಲಿಸಿದೆ. ಅಳತೆಯ ಹೊಣೆಯನ್ನು ಅತ್ತೆ ಜಂಬವ್ವ ಹೊತ್ತರು. ಬಸ್ ಸ್ಟ್ಯಾಂಡಿನ ಎದುರು ಮಲ್ಲಿಗೆ ಮಾರುವ ಅವರು ಮಾಲೆಯನ್ನು ಬಿಗಿಯಾಗಿ ಜಗ್ಗಿ ಮೊಳ ಹಾಕುವುದರಲ್ಲಿ ನಿಪುಣೆ. "ಆ ತುದಿ ಹಿಡಕೊಳ್ಳವ್ವ, ಸಡ್ಲ ಬಿಡಬ್ಯಾಡ, ಸಡ್ಲ ಬಿಟ್ರ ಲಾಸು," ಎಂದರು. ಹೂವಿನ ನ್ಯಾಯ ತಮಗೂ ಸಲ್ಲುತ್ತದೆಯೇ ಎಂಬ ಅನುಮಾನ ನನಗೆ ಬಂತು. ಆದರೆ ಅನುಮಾನ ನನಗೆ ಎಲ್ಲದರ ಮೇಲೂ ಬರುವುದರಿಂದ ಅದಕ್ಕೆ ಬೆಲೆ ಕೊಡಲಿಲ್ಲ.

ತಮ್ಮ ಹೊರಮೈ ಕಾಗದದಂತೆ ಕತ್ತರಿಗೆ ಒಲಿಯಿತು, ಒಳಗಿನ ಸುರುಳಿ ತಂತಿ ಕತ್ತರಿಯ ಬಾಯನ್ನೇ ಮುರಿಯಿತು. ಪತಿ ಮಾಲತೇಶ್ ಇಕ್ಕಳ ತಂದು ತಂತಿ ಕಡಿದರು. ಕೈಬಿಟ್ಟ ಕ್ಷಣವೇ ತಾವು ಮುದುಡಿಕೊಂಡ ವಿನಯವನ್ನು ಏನೆಂದು ಹೊಗಳಲಿ! ಯಂತ್ರದ ಹಿಂದೆ ಬಾಗಿಸಿದರೆ ಗೋಡೆ ಮುಟ್ಟಲಿಲ್ಲ. ಜಗ್ಗಿ ಸಿಕ್ಕಿಸಿದರೆ ಜಾರಿ ಬಂದಿರಿ. ಆಗ ಮುಂದಿನ ಸಾಲನ್ನು ಓದಿದೆ: ಬಾಗುವ ಕಡೆಗೆಂದು ಸ್ವಲ್ಪ ಸಡಿಲ ಬಿಡತಕ್ಕದ್ದು. "ಮೊದ್ಲ ಓದಾಕ ಏನಾಗಿತ್ತವ್ವ ನಿನಗ?" ಎಂದು ಅತ್ತೆ ಕೇಳಿದ್ದಕ್ಕೆ ಅದೇ ಸಾಲನ್ನು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಗಟ್ಟಿಯಾಗಿ ಓದಿದೆ.

ತಮ್ಮ ಉದ್ದಕ್ಕೆ ನಿಲುಕಿದ್ದು ರಸ್ತೆ ಬದಿಯ ಕಿಟಕಿಯೊಂದೇ; ತಮ್ಮ ತುದಿಯನ್ನು ಅಲ್ಲಿಂದಲೇ ಹೊರಗಿಟ್ಟೆವು. ಭಾನುವಾರ ಯಂತ್ರ ನಿಂತ ಮೇಲೆ ಸಮವಸ್ತ್ರವನ್ನು ಒಳಗೇ ಬಿಟ್ಟು ನಾವು ಊಟಕ್ಕೆ ಕುಳಿತೆವು. ಅಷ್ಟರಲ್ಲಿ ತಾವು ಲಾರಿಗಳ ಧೂಳನ್ನು ಆದರದಿಂದ ಒಳಗೆ ಕರೆತಂದಿರಿ. ಮಾಳಿಗೆ ಹತ್ತುವ ಅದರ ಶ್ರಮವನ್ನು ತಪ್ಪಿಸಿದಿರಿ. ಸ್ನೇಹಾ ಕೆಂಪು ಮಚ್ಚೆಗಳನ್ನು ನೋಡಿ, "ಮಮ್ಮಿ, ಇದನ್ನ ಹಾಕ್ಕೊಂಡು ಹೋದ್ರ ನನ್ನನ್ನ ಅಡ್ಮಿಟ್ ಮಾಡ್ಕೊಂತಾರ!" ಎಂದಳು. ಕಣ್ಣಲ್ಲಿ ಮಾತ್ರ ನೀರಿತ್ತು.

ಆದಕಾರಣ, ಕಳೆದುಕೊಂಡ ಬಾಲವನ್ನು ತಾವು ಹಲ್ಲಿಯಂತೆ ಮತ್ತೆ ಬೆಳೆಸಿಕೊಳ್ಳಬೇಕು. ಅದು ಘನತೆಗೆ ಕುಂದೆನಿಸಿದರೆ ಹಿಂದಿನ ಗೋಡೆಯ ಮನವೊಲಿಸಿ ಅದನ್ನೇ ಹತ್ತಿರ ಕರೆಸಿಕೊಳ್ಳಬೇಕೆಂದು ಕೋರುತ್ತೇನೆ.

ಎಷ್ಟು ಜಗ್ಗಿದರೂ ತಮ್ಮ ವಿಶ್ವಾಸಿ,
ರೇಣುಕಾದೇವಿ

ಮರೆತ ಮಾತು: ಸಮವಸ್ತ್ರವನ್ನು ಮತ್ತೆ ಒಗೆದು ಪಡಸಾಲೆಯ ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಹರವಿದೆವು; ಸ್ನೇಹಾ ಬೆಳ್ಳಗೆ ವಾರ್ಡಿಗೆ ಹೋದಳು. ಕತ್ತರಿಸಿ ಉಳಿದ ತಮ್ಮ ತುಂಡನ್ನು ಜೋಡಿಸಬಹುದಿತ್ತು, ಆದರೆ ಅತ್ತೆ ಅದನ್ನು ಸೀಳಿ ಹೂಬುಟ್ಟಿಗೆ ಹಾಸಿಕೊಂಡಿದ್ದಾರೆ. ಮಲ್ಲಿಗೆ ಸಂಜೆತನಕ ಬಾಡುವುದಿಲ್ಲವಂತೆ. ತಮ್ಮ ವಂಶದಲ್ಲಿ ದುಡಿಯುತ್ತಿರುವುದು ಸದ್ಯಕ್ಕೆ ಅದೊಂದೇ.