ಐವತ್ತು ವಾಟಿನ ಬುದ್ಧಿವಂತಿಕೆ

ಬೆಳಕು ಹೆಚ್ಚಾದಷ್ಟೂ ಒಳ್ಳೆಯದು ಎಂದು ನಂಬಿಕೊಂಡು ಬಂದವನು ನಾನು. ಭೌತಶಾಸ್ತ್ರದಲ್ಲಿ ಪದವಿ ಪಡೆದ ಮೇಲೂ ಈ ನಂಬಿಕೆಯನ್ನು ಪರೀಕ್ಷಿಸಿ ನೋಡಬೇಕೆಂದು ಅನ್ನಿಸಿರಲಿಲ್ಲ. ಕಳೆದ ಮಂಗಳವಾರ ಪರೀಕ್ಷೆ ತಾನಾಗಿಯೇ ನಡೆದುಹೋಯಿತು.  

ಚಾಮರಾಜಪೇಟೆಯ ನಮ್ಮ ಮನೆ ರಸ್ತೆ ತಿರುಗುವ ಜಾಗದಲ್ಲಿ, ಬರುವವರಿಗೆ ನೇರ ಎದುರಿಗಿದೆ. ಬೀದಿದೀಪವನ್ನು ಹೊಂಗೆಮರ ಮುಚ್ಚಿರುವುದರಿಂದ ಗೇಟಿನ ಬಳಿ ಕತ್ತಲು. ಅದಕ್ಕೊಂದು ಎಲ್‌ಇಡಿ ಫ್ಲಡ್‌ಲೈಟ್ ತರಲು ಮಾಮೂಲ್‌ಪೇಟೆಗೆ ಹೋದೆ. "ಜಾಗ ಎಷ್ಟಿದೆ ಸಾರ್?" ಎಂದರು ಅಂಗಡಿಯವರು. ಹದಿನೈದು ಅಡಿ ಎಂದೆ. "ಹಂಗಾದ್ರೆ ಹತ್ತು ವಾಟ್ ಧಾರಾಳ ಸಾಕು. ಹಳದಿ ಬೆಳಕಿಂದು ತಗೊಳ್ಳಿ, ಕಣ್ಣಿಗೆ ಹಿತ." ನನಗೇಕೋ ಅವಮಾನವಾದಂತಾಯಿತು. ಬಿಳಿ ಬೆಳಕಿನದೇ ಕೊಡಿ, ಐವತ್ತು ವಾಟಿನದು ಎಂದೆ. ಅವರು ನನ್ನನ್ನೊಮ್ಮೆ ನೋಡಿ, "ಮನೇಲಿ ಮದ್ವೆ ಇದೆಯಾ ಸಾರ್?" ಎಂದು ಕೇಳಿದರು.

ಅದನ್ನು ಹಾಕಲು ಬಂದ ಎಲೆಕ್ಟ್ರಿಷಿಯನ್ ಶಂಕರಪ್ಪನೂ ಏಣಿಯ ಮೇಲಿಂದ, "ಕೆಳಗೆ ಬಗ್ಸಿಬಿಡ್ಲಾ ಸಾರ್, ಗೇಟಿಗೆ ಬೀಳೋ ಹಾಗೆ?" ಎಂದ. "ಬೇಡಪ್ಪ, ನೇರ ಇಡು. ಯಾರು ಬರ್ತಿದಾರೆ ಅಂತ ದೂರದಿಂದ್ಲೇ ಕಾಣ್ಬೇಕು" ಎಂದೆ. ಬರುವವರಿಗೆ ಏನು ಕಾಣುತ್ತದೆ ಎಂಬ ಪ್ರಶ್ನೆ ನಮ್ಮ ಪಠ್ಯದಲ್ಲಿ ಇರಲಿಲ್ಲ.

ಮಂಗಳವಾರ ಇನ್ನೂ ಸರಿಯಾಗಿ ಬೆಳಗಾಗಿರಲಿಲ್ಲ. ಪಕ್ಕದ ಮನೆಯ ಕಮಲಮ್ಮ, ನಿವೃತ್ತ ಶಿಕ್ಷಕಿ, ತಮ್ಮ ಗೇಟಿನೆದುರು ರಸ್ತೆಗೆ ಬೆನ್ನು ಮಾಡಿ ಕುಳಿತು ರಂಗೋಲಿ ಹಾಕುತ್ತಿದ್ದರು. ನಾನು ಪೇಪರ್ ಎತ್ತಿಕೊಳ್ಳಲು ಬಗ್ಗಿದ್ದೆ. ದೇವಸ್ಥಾನಕ್ಕೂ ಮನೆಮನೆಗೂ ಹೂವು ಕೊಡುವ ಮಂಜ ಸ್ಕೂಟರಿನಲ್ಲಿ ಬಂದವನು ಇದ್ದಕ್ಕಿದ್ದಂತೆ ಒಂದು ಕೈಯನ್ನು ಕಣ್ಣಿಗೆ ಅಡ್ಡ ಹಿಡಿದ. ಗಾಡಿ ಕಮಲಮ್ಮನ ಕಡೆಗೇ ವಾಲಿತು. ಕೂಗಲು ಬಾಯಿ ತೆರೆದೆ, ದನಿಯೇ ಹೊರಡಲಿಲ್ಲ. ಚಕ್ರ ರಂಗೋಲಿ ಬಟ್ಟಲನ್ನು ಅಪ್ಪಚ್ಚಿ ಮಾಡಿ, ಅವರ ಸೆರಗಿನ ತುದಿಯ ಮೇಲೆ ಬಂದು ನಿಂತಿತು.

"ಕಣ್ಣು ಕಾಣಲ್ವೇನೋ ನಿಂಗೆ?" ಎಂದರು ಕಮಲಮ್ಮ, ಕೂತಲ್ಲಿಂದಲೇ.

"ಏನೂ ಕಾಣ್ಲಿಲ್ಲಮ್ಮ. ಎಲ್ಲಾ ಬೆಳ್ಳಗಾಗೋಯ್ತು" ಎಂದ ಮಂಜ.

ಆಗ ನನ್ನ ದನಿ ಬಂತು. ಬರಬಾರದಾಗಿತ್ತು. "ಗಾಡಿ ಓಡಿಸೋದು ಬಿಟ್ಟು ಮೊದ್ಲು ಕಣ್ಣು ತೋರಿಸ್ಕೊ ಹೋಗಪ್ಪ!" ಎಂದೆ. ಅವನು ಕೈಮುಗಿದು ಗಾಡಿ ತಳ್ಳಿಕೊಂಡೇ ಹೋದ.

ಆ ಚಕ್ರ ಈಗಲೂ ಕಣ್ಣ ಮುಂದೆ ಬರುತ್ತದೆ. ಇನ್ನು ಅರ್ಧ ಅಡಿ ಮುಂದೆ ಬಂದಿದ್ದರೆ ಎಂದು ಲೆಕ್ಕ ಹಾಕಿ ಹಾಕಿ, ಗುರುವಾರ ಬೆಳಕು ಹರಿಯುವ ಮುನ್ನ ಲೈಟ್ ಹಚ್ಚಿಟ್ಟು ರಸ್ತೆಯ ಆ ತುದಿಗೆ ಹೋಗಿ ನಿಂತೆ. ಕಮಲಮ್ಮ ಹಾಗಿರಲಿ, ನನ್ನ ಮನೆಯೇ ಕಾಣಲಿಲ್ಲ.

ಅಂದೇ ಶಂಕರಪ್ಪನನ್ನು ಕರೆಸಿ ಹತ್ತು ವಾಟಿನ ಹಳದಿ ಲೈಟನ್ನು ತಲೆ ತಗ್ಗಿಸಿ ಹಾಕಿಸಿದೆ. ಕಮಲಮ್ಮನ ಬಳಿ ಹೋಗಿ ತಪ್ಪೊಪ್ಪಿಕೊಂಡೆ. "ನಂಗೂ ಕಣ್ಣು ಕುಕ್ತಿತ್ತು. ಓದಿದೋರು, ಏನೋ ಯೋಚ್ನೆ ಮಾಡೇ ಇಟ್ಟಿರ್ತೀರಿ ಅಂತ ಸುಮ್ನಿದ್ದೆ" ಎಂದರು.

ಮರುದಿನ ಮಂಜ ಹೂವಿನ ಬುಟ್ಟಿ ಹೆಗಲ ಮೇಲಿಟ್ಟುಕೊಂಡು ನಡೆದು ಬಂದ. ಅವನನ್ನು ನಿಲ್ಲಿಸಿ, ತಪ್ಪು ನಿನ್ನ ಕಣ್ಣಿನದಲ್ಲ, ನನ್ನ ಲೈಟಿನದು ಎಂದೆ. ಅವನು ಬುಟ್ಟಿ ಕೆಳಗಿಳಿಸಿದ. "ನಿಮ್ಮಂಥೋರು ಹೇಳಿದ್ರು ಅಂದಿದ್ದಕ್ಕೆ ನಮ್ಮನೆಯವ್ಳು ಗಾಡಿ ಕೀನೇ ಬಚ್ಚಿಟ್ಟವ್ಳೆ ಸಾರ್. ನಡ್ಕೊಂಡು ಹೋಗಿ ಅರ್ಧ ಮನೆಗೂ ಹೂವು ಕೊಡಕ್ಕಾಗ್ತಿಲ್ಲ. ನೀವೇ ಒಂದ್ಮಾತು ಹೇಳ್ಬಿಡಿ" ಎಂದು ಫೋನ್ ಹಚ್ಚಿ ಕೈಗಿಟ್ಟ.

ಅವನ ಕಣ್ಣು ಚೆನ್ನಾಗಿದೆಯಮ್ಮ, ಕೀ ಕೊಟ್ಟುಬಿಡಿ ಎಂದೆ.

"ಯಾರ್ರೀ ನೀವು, ಕಣ್ಣಿನ ಡಾಕ್ಟ್ರಾ?"

"ಅಲ್ಲಮ್ಮ. ಲೈಟ್ ಹಾಕಿದೋನು."

ಆಮೇಲೆ ಆಕೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಮಂಜ ಫೋನನ್ನು ಸ್ಪೀಕರಿಗೆ ಹಾಕಿದ್ದ. ಕಮಲಮ್ಮ ರಂಗೋಲಿ ಹಾಕುವುದನ್ನು ನಿಲ್ಲಿಸಿ, ಪೂರ್ತಿ ಕೇಳಿಸಿಕೊಂಡರು.