ಗೋಡೆ ಗುದ್ದುವ ಕೂಲಿ

ಮನೆಗೆಲಸದ ಬೆಲೆ ಏನೆಂಬ ಜ್ಞಾನಕ್ಕೆ ನನಗೆ ಬಿದ್ದ ಖರ್ಚು ಒಂದು ತಿಂಗಳ ಪೂರ್ತಿ ದಲಾಲಿ. ಕಾರಣ, ನನ್ನ ಹೆಂಡತಿ ಶಾಂತಾ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ನಿಲಂಗಾದ ಡಾಕ್ಟರು ಪ್ಲಾಸ್ಟರ್ ಹಾಕಿ, "ಈ ಕೈ ತಿಂಗಳತನಕ ರಜಾದಾಗ ಅದ ಅಂತ ತಿಳ್ಕೋರಿ" ಎಂದರು. ರಜೆ ಎಂಬ ಮಾತು ಆ ಕೈಯ ಕಿವಿಗೆ ಬಿದ್ದದ್ದು ಅಂದೇ ಮೊದಲು.

ನಾನೇನೂ ಹೆದರಲಿಲ್ಲ. ಬರಿಗೈಲಿ ಬಂದು ಉದಗೀರದ ದನದ ಸಂತೆಯಲ್ಲಿ ದಲಾಲನಾದವನು ನಾನು; ಟವೆಲಿನ ಕೆಳಗೆ ಎದುರಿನವನ ಬೆರಳು ಹಿಡಿದು, ಬಾಯಿ ಬಿಡದೆ ಎತ್ತಿನ ದರ ಇಳಿಸುವವನು. ಮನೆಗೆಲಸಕ್ಕೆ ಆಳು ಹಿಡಿಯುವುದು ಯಾವ ಮಹಾ? ವಲಾಂಡಿಯಿಂದ ಬಂದು ನಮ್ಮ ಓಣಿಯಲ್ಲಿ ನೆಲೆಸಿದ ಕಾಶಿಬಾಯಿಯನ್ನು ಕರೆದೆ. ರೊಟ್ಟಿ ಬಡಿಯಲು ಒಂದು ದರ ಹೇಳಿದಳು, ಹಿಟ್ಟು ಬೀಸಿಸಿ ತರಲು ಬೇರೆ, ಭಾಂಡಿ ತಿಕ್ಕಲು ಇನ್ನೂ ಬೇರೆ.

"ಎಲ್ಲಾ ಸೇರಿ ಒಂದ ಮಾತು ಹೇಳವಾ."

"ಎಲ್ಲಾ ಅಂದ್ರ ಎಷ್ಟದ ಅಂತ ನಿಮಗರೆ ಗೊತ್ತದ ಏನ್ರೀ ಶೇಠ್? ವೈನಿಗಿ ಕೇಳ್ರಿ."

ಒಳಗಿನಿಂದ ಶಾಂತಾ ನಕ್ಕಳು. ನಾನು ದರದಲ್ಲಿ ಕಾಲು ಪಾಲು ಕಡಿದು ಗೆದ್ದೆ. ಕಾಶಿಬಾಯಿ ರೊಟ್ಟಿಯ ಅಗಲದಲ್ಲಿ ಕಾಲು ಪಾಲು ಕಡಿದು ಗೆದ್ದಳು.

ಸಿಕ್ಕಿಬಿದ್ದದ್ದು ಸಂಜೆಗೆ. ನಮ್ಮ ಸೀಮೆಯ ಭೂಕಂಪದಲ್ಲಿ ಮನೆಗಳು ಉರುಳಿದ್ದನ್ನು ಕಂಡ ಮೇಲೆ ನನ್ನ ಅವ್ವ ಸ್ಲ್ಯಾಬಿನ ಮನೆಗೆ ಸುಮ್ಮನೆ ಕಾಲಿಡುವವಳಲ್ಲ. ಹಗಲೆಲ್ಲ ಅಂಗಳದಲ್ಲೇ ಇರುತ್ತಾಳೆ; ದಿನಾ ದೀಪ ಹಚ್ಚುವ ಹೊತ್ತಿಗೆ ಶಾಂತಾ ಮೂಲೆಮೂಲೆಗೆ ಹೋಗಿ ಗೋಡೆ ಗುದ್ದಿ, "ಗಟ್ಟಿ ಅದರೀ ಅತ್ತಿ, ಬರ್ರಿ" ಎಂದ ಮೇಲೆಯೇ ಅವ್ವ ಹೊಸ್ತಿಲು ದಾಟುವುದು. ಅದೂ ಒಂದು ಕೆಲಸ ಎಂದು ನನಗೆ ಹೊಳೆದಿರಲೇ ಇಲ್ಲ. ಆ ಹೊತ್ತಿಗೆ ನಾನು ಪೇಟೆಯಲ್ಲಿ ಚಹಾ ಕುಡಿಯುತ್ತಿರುತ್ತಿದ್ದೆ. ಆ ದಿನ ಮಳೆ ಬಂದು ನಾನೂ ಮನೆಯಲ್ಲೇ ಇದ್ದೆ. ಅವ್ವ ಅಂಗಳದ ತಗಡಿನಡಿ ಎರಚಲಿಗೆ ನೆನೆಯುತ್ತ, ನಡುಗುತ್ತ ಕೂತಳು. ಗೋಡೆ ಗುದ್ದಿ ಅವ್ವನನ್ನು ಕರೆದರೆ ಹೆಚ್ಚಿಗೆ ಕೊಡುತ್ತೇನೆಂದು ಕಾಶಿಬಾಯಿಗೆ ಹೇಳಿದೆ.

"ಮನಿ ಕಟ್ಟಿಸಿದವ್ರು ನೀವು. ಗಟ್ಟಿ ಅದನೋ ಇಲ್ಲೋ ನಂಗೇನ್ ಗೊತ್ತು? ಸುಳ್ಳಿಗಿ ಪಗಾರ ಬ್ಯಾಡ್ರೀ" ಎಂದು ಕೊಡೆ ಬಿಚ್ಚಿಕೊಂಡು ನಡೆದೇಬಿಟ್ಟಳು. ನಾನೇ ಗುದ್ದಿದೆ.

"ಅವ್ವಾ, ಕಲ್ಲಿನಂಗ ಅದ, ಬಾ."

"ನೀ ದಲಾಲ. ಕುಂಟ ಎತ್ತಿಗೂ ಗಟ್ಟಿ ಅಂತಿ. ಆಕಿ ಹೇಳ್ಲಿ."

ಶಾಂತಾ ಎದ್ದು ಬಂದು ಎಡಗೈಯಿಂದ ಮೂಲೆಗಳನ್ನೆಲ್ಲ ಗುದ್ದಿದಳು. ಅವ್ವ ಒಳಗೆ ಬಂದು ಸೆರಗು ಹಿಂಡಿದಳು. ಇಷ್ಟು ವರ್ಷ ಅವಳು ಸೂರಿನಡಿ ಮಲಗಿದ್ದು ನನ್ನ ಸಿಮೆಂಟಿನ ದೆಸೆಯಿಂದಲ್ಲ, ಆ ಕೈಯ ದೆಸೆಯಿಂದ.

ಶಾಂತಾಳ ಪಕ್ಕ ಕೂತು, ಆ ಎಡಗೈ ಮೇಲೆ ಟವೆಲ್ ಹಾಕಿ, ಕೆಳಗೆ ಬೆರಳು ಹಿಡಿದೆ. ಗೆಣ್ಣುಗಳು ಕೆಂಡದಂತೆ ಬಿಸಿಯಾಗಿದ್ದವು. "ದರಾ ಹೇಳು" ಎಂದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮಾಡಿದಳು. ಸಂತೆಯಲ್ಲಿ ಅಂಥ ಗುರುತೇ ಇಲ್ಲ.

"ಇದು ಎಷ್ಟು?"

"ನಾಳಿಗಿ ನೀವ ಗುದ್ರಿ. ನಾ ಬಾಜೂಕ ನಿಂತು ಹೂಂ ಅಂತೀನಿ."

ಪ್ಲಾಸ್ಟರ್ ಬಿಚ್ಚಿ ಬಹಳ ದಿನವಾಯಿತು. ಗುದ್ದುವ ಕೆಲಸ ಮಾತ್ರ ನನಗೇ ಖಾಯಂ ಆಗಿದೆ, ಬಿಟ್ಟಿ. ಆದ್ದರಿಂದ ನಿಮಗೊಂದು ಸಲಹೆ: ಮನೆಗೆಲಸಕ್ಕೆ ಬೆಲೆ ಕಟ್ಟಬೇಕೆಂದಿದ್ದರೆ ದೀಪ ಹಚ್ಚುವ ಮೊದಲೇ ಮನೆ ಸೇರಿ. ಗೋಡೆ ಗುದ್ದುವ ಪ್ರಸಂಗ ಬಂದರೆ ಮುಷ್ಟಿಗೆ ಟವೆಲ್ ಸುತ್ತಿಕೊಳ್ಳಬೇಡಿ. ಸದ್ದು ಬರುವುದಿಲ್ಲ, ಹೊರಗೆ ಕೂತವರು ಒಳಗೆ ಬರುವುದಿಲ್ಲ. ನಾನು ಸುತ್ತಿ ನೋಡಿದ್ದೇನೆ.